ಕಂಪನಿ ಕಟ್ಟುವವರ ಮನಸ್ಸು: ಮಾತಿನ ಚಿಕಿತ್ಸೆ ಏನು ಮಾಡಬಲ್ಲದು?

ರನ್‌ವೇ ಎಂಬ ಮಾತನ್ನು ನೀವು ವಿಮಾನ ನಿಲ್ದಾಣದ ಸಂದರ್ಭದಲ್ಲಿ ಕೇಳಿರುತ್ತೀರಿ. ಬೆಂಗಳೂರಿನ ಕೋರಮಂಗಲದಲ್ಲೋ ಎಚ್.ಎಸ್.ಆರ್. ಬಡಾವಣೆಯಲ್ಲೋ ಹೊಸ ಕಂಪನಿ ನಡೆಸುತ್ತಿರುವವರ ಬಾಯಲ್ಲಿ ಇದಕ್ಕೆ ಬೇರೆಯೇ ಅರ್ಥವಿದೆ. ಬ್ಯಾಂಕಿನಲ್ಲಿ ಉಳಿದಿರುವ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿ. ಬಂದ ಭಾಗಲಬ್ಧವೇ ರನ್‌ವೇ. ಖಾತೆಯಲ್ಲಿ 60 ಲಕ್ಷ ರೂಪಾಯಿ ಇದ್ದು, ಸಂಬಳ, ಬಾಡಿಗೆ, ಕಂಪ್ಯೂಟರು ಎಲ್ಲ ಸೇರಿ ತಿಂಗಳಿಗೆ 12 ಲಕ್ಷ ಖರ್ಚಾಗುತ್ತಿದ್ದರೆ ರನ್‌ವೇ 5 ತಿಂಗಳು. ಅಷ್ಟರೊಳಗೆ ವಿಮಾನ ನೆಲ ಬಿಟ್ಟು ಮೇಲೇಳಬೇಕು. ಅಂದರೆ ಕಂಪನಿಗೆ ಸ್ವಂತ ಸಂಪಾದನೆ ಬರಬೇಕು, ಇಲ್ಲವೇ ಇನ್ನೊಬ್ಬ ಹೂಡಿಕೆದಾರ ಸಿಗಬೇಕು. ಎರಡೂ ಆಗದಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಈ ಲೆಕ್ಕ ಐದನೆಯ ತರಗತಿಯ ಹುಡುಗನಿಗೂ ಬರುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಮಲಗಿದಲ್ಲಿಯೇ ಇದೇ ಭಾಗಾಕಾರವನ್ನು ನೂರು ಸಲ ಮಾಡುವವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದು ಅಷ್ಟು ಸರಳವಲ್ಲ. ನಿಮ್ಮಲ್ಲಿ ಕೆಲವರಾದರೂ ಮುಂದೆ ಸ್ವಂತ ಕಂಪನಿ ಕಟ್ಟುವ ಕನಸು ಕಾಣುತ್ತಿರಬಹುದು. ಅದಕ್ಕೆ ಬೇಕಾದ ತಂತ್ರಜ್ಞಾನ, ಬಂಡವಾಳ, ಮಾರುಕಟ್ಟೆಯ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಎರಡು ಗಂಟೆಯ ರಾತ್ರಿಯ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಇಲ್ಲಿ ಅದನ್ನೇ ನೋಡೋಣ. ಅದಕ್ಕೆ ಮನೋಚಿಕಿತ್ಸೆ, ಈಗಿನವರ ಮಾತಿನಲ್ಲಿ ಥೆರಪಿ, ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನೂ ನೋಡೋಣ.

ಯಾರ ಮುಂದೆ ಹೇಳಿಕೊಳ್ಳುವುದು?

ಹೊಸ ಕಂಪನಿ ಎಂಬುದು ನಮ್ಮ ನಾಡಿಗೆ ಹೊಸದಲ್ಲ. 1981ರಲ್ಲಿ ಏಳು ಮಂದಿ ಎಂಜಿನಿಯರುಗಳು 10 ಸಾವಿರ ರೂಪಾಯಿ ಕೈಯಲ್ಲಿಟ್ಟುಕೊಂಡು ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದಾಗ ಅದಕ್ಕೆ ಸ್ಟಾರ್ಟಪ್ ಎಂದು ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೆ. 2007ರಲ್ಲಿ ಕೋರಮಂಗಲದ ಒಂದು ಮನೆಯಿಂದ ಫ್ಲಿಪ್‌ಕಾರ್ಟ್ ಪುಸ್ತಕ ಮಾರತೊಡಗಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ 'ಸ್ಟಾರ್ಟಪ್ ಇಂಡಿಯಾ' ಯೋಜನೆಯನ್ನು ಆರಂಭಿಸಿದ ಮೇಲೆ ಈ ಪದ ತಾಲ್ಲೂಕು ಕೇಂದ್ರದ ಕಾಲೇಜುಗಳನ್ನೂ ತಲುಪಿತು. ಗೆದ್ದವರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಮುಚ್ಚಿಹೋದ ಕಂಪನಿಗಳವರು ಸದ್ದಿಲ್ಲದೆ ಮತ್ತೆ ನೌಕರಿ ಹುಡುಕಿಕೊಂಡರು.

ಟೆಲಿವಿಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕ್ಯಾಮೆರಾದ ಮೇಲಿನ ಕೆಂಪು ದೀಪ ಹೊತ್ತಿಕೊಂಡ ಕೂಡಲೇ ಅತಿಥಿಗಳ ಬೆನ್ನು ನೆಟ್ಟಗಾಗುತ್ತದೆ, ದನಿ ಬದಲಾಗುತ್ತದೆ. ದೀಪ ಆರಿದ ಮೇಲೆ ಕಾಫಿ ಕುಡಿಯುತ್ತಾ ಅವರಾಡುವ ಮಾತೇ ನಿಜವಾದ ಮಾತು. ಕಂಪನಿಯ ಸ್ಥಾಪಕರ ಕಷ್ಟವೆಂದರೆ ಅವರಿಗೆ ಈ ಕೆಂಪು ದೀಪ ಆರುವುದೇ ಇಲ್ಲ.

ಯೋಚಿಸಿ ನೋಡಿ. 'ನನಗೆ ಭಯವಾಗುತ್ತಿದೆ' ಎಂದು ಹೂಡಿಕೆದಾರರಿಗೆ ಹೇಳಿದರೆ ಮುಂದಿನ ಕಂತು ಬಾರದಿರಬಹುದು. ನೌಕರರಿಗೆ ಹೇಳಿದರೆ ಒಳ್ಳೆಯವರು ಮೊದಲು ಕೆಲಸ ಬಿಡುತ್ತಾರೆ. ಜೊತೆಗಾರನಿಗೆ ಹೇಳೋಣವೆಂದರೆ ಅವನೂ ಅದೇ ದೋಣಿಯಲ್ಲಿದ್ದಾನೆ. ಎಷ್ಟೋ ಸಲ ಭಯಕ್ಕೆ ಕಾರಣವೇ ಅವನಾಗಿರುತ್ತಾನೆ. ಇನ್ನು ಮನೆಯವರು. ಊರಿನಲ್ಲಿ ಅಪ್ಪ ತೋಟದ ಮೇಲೆ ಸಾಲ ತೆಗೆದು ಹಣ ಕೊಟ್ಟಿದ್ದರೆ ಅವರ ಮುಂದೆ ಬಾಯಿ ಬಿಡುವುದು ಹೇಗೆ? 'ಹೇಗಪ್ಪಾ ನಡೀತಿದೆ?' ಎಂದು ಫೋನಿನಲ್ಲಿ ಕೇಳಿದರೆ 'ಚೆನ್ನಾಗಿದೆ ಅಪ್ಪಾ' ಎಂದು ಹೇಳಿ ಮಾತು ಬದಲಿಸುವುದೇ ಸುಲಭ. ಸುತ್ತ ಇರುವ ಪ್ರತಿಯೊಬ್ಬರಿಗೂ ಕಂಪನಿಯಲ್ಲಿ ಒಂದಲ್ಲ ಒಂದು ಪಾಲಿದೆ. ಹಾಗೆ ಪಾಲಿಲ್ಲದ, ಕೇಳಿದ್ದನ್ನು ಬೇರೆಡೆ ಹೇಳದ, ಗಾಬರಿಯಾಗದೆ ಕೇಳುವ ತರಬೇತಿ ಪಡೆದ ಒಬ್ಬರೇ ವ್ಯಕ್ತಿ ಎಂದರೆ ಮನೋಚಿಕಿತ್ಸಕರು. ಥೆರಪಿಯ ಮೊದಲನೆಯ ಪ್ರಯೋಜನ ಇಷ್ಟು ಸರಳವಾದದ್ದು.

ಅಂಕಿಗಳು ಹೇಳುವುದೇನು?

ಉದ್ಯಮಿಗಳಲ್ಲಿ ಮಾನಸಿಕ ತೊಂದರೆ ನಿಜವಾಗಿಯೂ ಹೆಚ್ಚೆ, ಅಥವಾ ಇದು ಶ್ರೀಮಂತರ ಗೊಣಗಾಟವೆ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್‌ಫ್ರಾನ್ಸಿಸ್ಕೊ ಶಾಖೆಯ ಮನೋವೈದ್ಯ ಮೈಕೆಲ್ ಫ್ರೀಮನ್ ಮತ್ತು ಸಂಗಡಿಗರು 242 ಉದ್ಯಮಿಗಳನ್ನೂ, ಹೋಲಿಕೆಗಾಗಿ 93 ಮಂದಿ ಇತರರನ್ನೂ ಪ್ರಶ್ನಿಸಿ 2015ರಲ್ಲಿ ಒಂದು ವರದಿ ಹೊರತಂದರು. ಉದ್ಯಮಿಗಳಲ್ಲಿ ಶೇ. 49ರಷ್ಟು ಮಂದಿ ತಮ್ಮ ಜೀವನದಲ್ಲಿ ಒಮ್ಮೆಯಾದರೂ ಯಾವುದೋ ಒಂದು ಮಾನಸಿಕ ತೊಂದರೆಯನ್ನು ಅನುಭವಿಸಿದ್ದಾಗಿ ಹೇಳಿದರು. ಖಿನ್ನತೆಯೊಂದನ್ನೇ ತೆಗೆದುಕೊಂಡರೆ ಸುಮಾರು ಶೇ. 30, ಇತರರಲ್ಲಿ ಇದು ಸುಮಾರು ಅದರ ಅರ್ಧದಷ್ಟಿತ್ತು. ಉತ್ಸಾಹದ ತುದಿಗೂ ವಿಷಾದದ ಆಳಕ್ಕೂ ಮನಸ್ಸು ತೂಗಾಡುವ ಬೈಪೋಲಾರ್ ಕಾಯಿಲೆಯನ್ನು ಶೇ. 11ರಷ್ಟು ಮಂದಿ ಹೇಳಿಕೊಂಡರು.

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇಲ್ಲಿ ತಡೆದು ಕೇಳಬೇಕು: ಇವು ವೈದ್ಯರು ಪರೀಕ್ಷಿಸಿ ಬರೆದ ಅಂಕಿಗಳೆ? ಅಲ್ಲ. ಅವರವರೇ ಹೇಳಿಕೊಂಡದ್ದು. ಸಮೀಕ್ಷೆಗೆ ಉತ್ತರಿಸಲು ಒಪ್ಪಿದವರಲ್ಲಿ ಇಂಥ ಅನುಭವ ಇದ್ದವರೇ ಹೆಚ್ಚಿರಬಹುದು. ಜೊತೆಗೆ, ಕಂಪನಿ ನಡೆಸಿದ್ದರಿಂದ ಖಿನ್ನತೆ ಬಂತೋ, ಅಂಥ ಮನೋಧರ್ಮದವರೇ ಕಂಪನಿ ಕಟ್ಟಲು ಮುಂದಾಗುತ್ತಾರೋ ಎಂಬುದನ್ನೂ ಈ ಅಂಕಿಗಳು ಹೇಳುವುದಿಲ್ಲ. ಎರಡೂ ನಿಜವಿರಬಹುದೆಂದು ನನ್ನ ಊಹೆ. ಅಂಕಿಗಳನ್ನು ನುಂಗಬೇಡಿ, ಹಾಗೆಂದು ಎಸೆಯಲೂ ಬೇಡಿ.

ನಮ್ಮ ದೇಶದ ಒಂದು ಅಂಕಿ ಇದಕ್ಕಿಂತ ಗಟ್ಟಿಯಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಆದರೆ ಕಾಯಿಲೆಯುಳ್ಳವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಯ ಬಗೆಯನ್ನು ಅನುಸರಿಸಿ, ಶೇ. 70ರಿಂದ 92ರವರೆಗೆ! ಇವರಲ್ಲಿ ಕಂಪನಿ ಸ್ಥಾಪಕರು ಎಷ್ಟು ಮಂದಿ ಎಂಬುದು ಮುಖ್ಯವಲ್ಲ. ಓದು, ಇಂಗ್ಲಿಷು, ಹಣ ಎಲ್ಲ ಇದ್ದವರೂ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ನಮ್ಮ ಫೋನ್-ಇನ್ ಕಾರ್ಯಕ್ರಮಗಳಲ್ಲಿ ಮನೋವೈದ್ಯರು ಬಂದು ಕೂತ ದಿನ 'ನನಗಲ್ಲ ಸರ್, ನನ್ನ ಸ್ನೇಹಿತರೊಬ್ಬರಿಗೆ' ಎಂದೇ ಮಾತು ಶುರುವಾಗುತ್ತದೆ. ಸಕ್ಕರೆ ಕಾಯಿಲೆಯ ಬಗ್ಗೆ ಕೇಳುವವರು ಸ್ನೇಹಿತರ ಹೆಸರು ಹೇಳಿದ್ದನ್ನು ನಾನಂತೂ ಕೇಳಿಲ್ಲ.

2019ರ ಜುಲೈಯಲ್ಲಿ ಕಾಫಿ ಡೇ ಕಂಪನಿಯ ಸ್ಥಾಪಕ, ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು ತೀರಿಕೊಂಡಾಗ ಕರ್ನಾಟಕವೇ ದಿಗ್ಭ್ರಮೆಗೊಂಡಿತು. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೊರಗಿನವರಾದ ನಾವು ಊಹಿಸುವುದು ಸಲ್ಲದು. ಆದರೆ ಎಲ್ಲರ ಕಣ್ಣಿಗೆ ಗೆದ್ದವರಂತೆ ಕಾಣುವ ಉದ್ಯಮಿಗಳೂ ಒಳಗೆ ಎಷ್ಟು ಒಂಟಿಯಾಗಿರಬಹುದು ಎಂಬ ಪ್ರಶ್ನೆಯನ್ನು ಇಲ್ಲಿನ ಉದ್ಯಮ ವಲಯ ಬಹಿರಂಗವಾಗಿ ಕೇಳಿಕೊಂಡದ್ದು ಆಗ.

ದೇಹದ ಲೆಕ್ಕ

ಮನಸ್ಸಿನ ಒತ್ತಡ ಬರೀ ಮನಸ್ಸಿನಲ್ಲಿ ಇರುವುದಿಲ್ಲ. ಅಪಾಯ ಕಂಡಾಗ ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕಳಿಸುತ್ತದೆ. ಅದು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೇಳುತ್ತದೆ. ಅವು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ದೇಹ ಓಡಲು ಇಲ್ಲವೇ ಹೋರಾಡಲು ಸಿದ್ಧವಾಗುತ್ತದೆ. ಚಿರತೆ ಎದುರಾದಾಗ ಇದು ಜೀವ ಉಳಿಸುವ ಏರ್ಪಾಡು. ಚಿರತೆ ಹತ್ತು ನಿಮಿಷದಲ್ಲಿ ಹೊರಟುಹೋಗುತ್ತದೆ. ಆದರೆ ತಿಂಗಳ ಕೊನೆಯ ಸಂಬಳದ ದಿನ ಪ್ರತಿ ತಿಂಗಳೂ ಬರುತ್ತದೆ. ಏರ್ಪಾಡು ಆರದೆ ಉರಿಯುತ್ತಲೇ ಇದ್ದರೆ ನಿದ್ರೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಮುಂದಾಲೋಚನೆ ಮಾಡುವ ಮೆದುಳಿನ ಮುಂಭಾಗದ ಕೆಲಸ ಸೊರಗುತ್ತದೆ.

ನಿದ್ರೆಯ ವಿಷಯದಲ್ಲಿ ಒಂದು ಸೊಗಸಾದ ಪ್ರಯೋಗವಿದೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈಗಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ ಶೇ. 0.03. ಅಂದರೆ ಬೆಳಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದರ ನಂತರವೂ ಕೂತು ಒಪ್ಪಂದಗಳಿಗೆ ಸಹಿ ಹಾಕುವವರು, ಕಾರು ಓಡಿಸಲೂ ಅರ್ಹರಲ್ಲದ ಸ್ಥಿತಿಯಲ್ಲಿ ಹತ್ತಾರು ಮಂದಿಯ ಜೀವನೋಪಾಯವನ್ನು ಓಡಿಸುತ್ತಿದ್ದಾರೆ ಎಂದಾಯಿತು. 'ನಾನು ನಾಲ್ಕೇ ಗಂಟೆ ನಿದ್ರಿಸುತ್ತೇನೆ' ಎಂದು ವೇದಿಕೆಯ ಮೇಲೆ ಹೆಮ್ಮೆಪಡುವವರ ಮಾತಿಗೆ ಚಪ್ಪಾಳೆ ತಟ್ಟುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಮಾತಿನಿಂದ ಗುಣವಾಗುವುದು ಹೇಗೆ?

ಬರೀ ಮಾತಾಡಿದರೆ ಏನು ಬಂತು ಎಂದು ನಿಮಗೆ ಅನ್ನಿಸಬಹುದು. ಈ ಸಂಶಯ ನಿಮ್ಮೊಬ್ಬರದೇ ಅಲ್ಲ. ಲಂಡನ್ನಿನ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 1952ರಲ್ಲಿ, ಮನೋಚಿಕಿತ್ಸೆಯಿಂದ ಪ್ರಯೋಜನವಾಗುತ್ತದೆ ಎನ್ನಲು ಪುರಾವೆಯೇ ಇಲ್ಲ ಎಂದು ಬರೆದು ದೊಡ್ಡ ಗದ್ದಲವೆಬ್ಬಿಸಿದರು. ಅದರಿಂದ ಒಳ್ಳೆಯದೇ ಆಯಿತು. ಚಿಕಿತ್ಸಕರು ತಮ್ಮ ಕೆಲಸವನ್ನು ಅಳೆಯತೊಡಗಿದರು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಎಂಬಿಬ್ಬರು 375 ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ, ಪಡೆಯದವರಲ್ಲಿ ಶೇ. 75ರಷ್ಟು ಮಂದಿಗಿಂತ ಉತ್ತಮ ಸ್ಥಿತಿಯಲ್ಲಿದ್ದ. ಬಳಿಕ ಬಂದ ಕಟ್ಟುನಿಟ್ಟಿನ ಲೆಕ್ಕಾಚಾರಗಳು ಈ ಲಾಭವನ್ನು ಸ್ವಲ್ಪ ಇಳಿಸಿವೆ. ಆದರೆ ಲಾಭವೇ ಇಲ್ಲವೆಂದು ಹೇಳಿಲ್ಲ.

ಚಿಕಿತ್ಸೆಯ ಪಂಥಗಳು ಹಲವು. ಅವುಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆ. 1921ರಲ್ಲಿ ಹುಟ್ಟಿ ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡ ಬೆಕ್, ಫಿಲಡೆಲ್ಫಿಯಾದಲ್ಲಿದ್ದ ಮನೋವೈದ್ಯ. ಫ್ರಾಯ್ಡ್ ಪಂಥದಲ್ಲಿ ಕಲಿತವರು. ಖಿನ್ನತೆಯೆಂದರೆ ತನ್ನ ಮೇಲೆಯೇ ತಿರುಗಿದ ಸಿಟ್ಟು ಎಂಬ ಆ ಪಂಥದ ಸಿದ್ಧಾಂತವನ್ನು ರೋಗಿಗಳ ಕನಸುಗಳ ಮೂಲಕ ಸಾಧಿಸಿ ತೋರಿಸಲು ಹೊರಟರು. ಕನಸುಗಳಲ್ಲಿ ಸಿಟ್ಟು ಸಿಗಲಿಲ್ಲ. ಸೋಲು, ನಷ್ಟ, ತಿರಸ್ಕಾರ ಸಿಕ್ಕವು. ರೋಗಿಗಳನ್ನು ಇನ್ನಷ್ಟು ಗಮನವಿಟ್ಟು ಕೇಳಿದಾಗ, ಅವರು ಬಾಯಲ್ಲಿ ಹೇಳುವ ಮಾತಿನ ಹಿಂದೆ ಇನ್ನೊಂದು ಸಣ್ಣ ಮಾತಿನ ತೊರೆ ಸದಾ ಹರಿಯುತ್ತಿರುವುದು ಕಂಡುಬಂತು. 'ನಾನು ಕೆಲಸಕ್ಕೆ ಬಾರದವನು', 'ಇವರಿಗೆ ನನ್ನಿಂದ ಬೇಸರವಾಗಿದೆ' ಎಂಬಂಥ, ಕರೆಯದೆ ಬಂದು ಹೋಗುವ ಯೋಚನೆಗಳು. ಅವನ್ನು ಬೆಕ್ ಸ್ವಯಂಚಾಲಿತ ಯೋಚನೆಗಳೆಂದು ಕರೆದರು. ಅವುಗಳನ್ನು ಹಿಡಿದು, ಬರೆದು, ವಿಜ್ಞಾನಿ ಒಂದು ಊಹೆಯನ್ನು ಪರೀಕ್ಷಿಸುವಂತೆ ಪರೀಕ್ಷಿಸುವುದು ಅವರ ಚಿಕಿತ್ಸೆಯ ತಿರುಳು.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದ ಇಬ್ಬರು ಸಹಪಾಠಿಗಳು ಬೆಂಗಳೂರಿನಲ್ಲಿ ಒಂದು ಕಂಪನಿ ನಡೆಸುತ್ತಿದ್ದಾರೆ. ಹಳ್ಳಿಯ ಹಾಲಿನ ಡೇರಿಗಳ ಲೆಕ್ಕವನ್ನು ಮೊಬೈಲಿನಲ್ಲಿ ಇಡುವ ತಂತ್ರಾಂಶ ಅವರದು. ಹನ್ನೆರಡು ಮಂದಿ ನೌಕರರು. ಮೂರು ತಿಂಗಳಿಗಾಗುವಷ್ಟು ಹಣ. ಇಬ್ಬರಲ್ಲಿ ಒಬ್ಬಾತ ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆಂದು ಹೃದಯದ ಪರೀಕ್ಷೆ ಮಾಡಿಸಿದ. ಇ.ಸಿ.ಜಿ. ಸರಿಯಾಗಿದೆ. ವೈದ್ಯರು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳಿಸಿದರು. ಮೂರನೆಯ ಭೇಟಿಯ ಮಾತುಕತೆ ಸುಮಾರು ಹೀಗೆ ನಡೆಯಬಹುದು:

'ಸೋಮವಾರ ಮೆಟ್ಟಿಲು ಹತ್ತುವಾಗ ಮನಸ್ಸಿನಲ್ಲಿ ಏನು ಬಂತು? ನೆನಪಿದೆಯೆ?'

'ಏನೂ ಇಲ್ಲ ಮೇಡಂ. ಸುಮ್ಮನೆ ಎದೆ ಬಡಿತ.'

'ಬಾಗಿಲು ತೆಗೆದರೆ ಮೊದಲು ಯಾರು ಕಾಣಿಸುತ್ತಾರೆ?'

'ನಮ್ಮ ಅಕೌಂಟೆಂಟ್. ಅವರಿಗೆ ಇಬ್ಬರು ಮಕ್ಕಳು.' (ಸ್ವಲ್ಪ ಹೊತ್ತು ಮೌನ.) 'ಇವರ ಮಕ್ಕಳ ಫೀಸನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆ ಅನ್ನಿಸುತ್ತೆ.'

'ಅದನ್ನು ಹಾಗೆಯೇ ಬರೆಯಿರಿ. ಇದು ನಿಜ ಎನ್ನಲು ಏನೇನು ಆಧಾರ ಇದೆ, ಅಲ್ಲ ಎನ್ನಲು ಏನಿದೆ, ಎರಡನ್ನೂ ಕೆಳಗೆ ಬರೆಯೋಣ.'

ಆತ ಬರೆಯುತ್ತಾನೆ. ಹಣ ಕಡಿಮೆಯಿರುವುದು ನಿಜ. ಆದರೆ ಇದುವರೆಗೆ ಒಂದು ತಿಂಗಳೂ ಸಂಬಳ ತಪ್ಪಿಲ್ಲ ಎಂಬುದೂ ನಿಜ. ಅಕೌಂಟೆಂಟ್ ತಾವಾಗಿ ಹಳೆಯ ಕೆಲಸ ಬಿಟ್ಟು ಬಂದವರು, ಅವರಿಗೆ ಬೇರೆ ಕಡೆ ಕೆಲಸ ಸಿಗುವಷ್ಟು ಅನುಭವವಿದೆ. ಇನ್ನೊಂದು ಸಾಲು ಬರೆಯುವಾಗ ಕೈ ತಡೆಯುತ್ತದೆ: ಮೂರು ತಿಂಗಳ ಹಣ ಮಾತ್ರ ಉಳಿದಿದೆ ಎಂದು ಅವರಿಗೆ ನಾನು ಹೇಳಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದದ್ದು ಎಲ್ಲಿಂದ ಎಂಬುದು ಇಲ್ಲಿ ತಿಳಿಯುತ್ತದೆ. 'ಕಿತ್ತುಕೊಳ್ಳುತ್ತಿದ್ದೇನೆ' ಎಂಬುದು ಉತ್ಪ್ರೇಕ್ಷೆ. 'ಮುಚ್ಚಿಡುತ್ತಿದ್ದೇನೆ' ಎಂಬುದು ವಾಸ್ತವ. ಉತ್ಪ್ರೇಕ್ಷೆಯ ಮುಂದೆ ಮಾಡಬಹುದಾದ್ದು ಏನೂ ಇಲ್ಲ. ವಾಸ್ತವದ ಮುಂದೆ ಮಾಡಬಹುದಾದ ಒಂದು ಕೆಲಸವಿದೆ: ಹೋಗಿ ಹೇಳುವುದು.

ಗಮನಿಸಿ, ಚಿಕಿತ್ಸಕಿ ಇಲ್ಲಿ ಧೈರ್ಯ ಹೇಳಲಿಲ್ಲ. 'ಎಲ್ಲ ಸರಿಹೋಗುತ್ತದೆ' ಎಂದು ನೆಂಟರು ಹೇಳುವಂತೆ ಹೇಳಲಿಲ್ಲ. ಉಪಾಯವನ್ನೂ ಕೊಡಲಿಲ್ಲ. ಕಂಪನಿಯ ಬ್ಯಾಂಕ್ ಖಾತೆಗೆ ಒಂದು ರೂಪಾಯಿಯೂ ಬರಲಿಲ್ಲ. ಆದರೆ ಮಸುಕಾಗಿದ್ದ ಭಯವೊಂದಕ್ಕೆ ಹೆಸರು ಸಿಕ್ಕಿತು. ಹೆಸರಿಡುವುದರಲ್ಲೇ ಏನೋ ಇದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಲಾಸ್ ಏಂಜಲೀಸಿನಲ್ಲಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳ ಚಿತ್ರ ನೋಡಿ ಆ ಭಾವಕ್ಕೆ ತಕ್ಕ ಪದವನ್ನು ಆರಿಸಿದಾಗ, ಮೆದುಳಿನ ಅಪಾಯದ ಗಂಟೆಯಂತಿರುವ ಅಮಿಗ್ಡಲಾ ಭಾಗದ ಚಟುವಟಿಕೆ ಇಳಿದಿತ್ತು. ಟೆಕ್ಸಾಸಿನ ಕಡೆಯ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿಯೇ ಕಾಲೇಜು ವಿದ್ಯಾರ್ಥಿಗಳಿಗೆ ತಮ್ಮ ಕಹಿ ಅನುಭವಗಳ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿ ನೋಡಿದ್ದರು. ಆ ಅನುಭವದ ಸಂಗತಿಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಪರೀಕ್ಷೆಯ ಹಿಂದಿನ ವಾರ ಇದನ್ನು ನೀವೇ ಮಾಡಿನೋಡಬಹುದು. ಒಂದು ನೋಟ್‌ಬುಕ್ಕಿನ ಖರ್ಚು.

'ನಾನೇ ಕಂಪನಿ' ಎಂಬ ಗಂಟು

ಸ್ಥಾಪಕರ ಸಮಸ್ಯೆಯಲ್ಲಿ ಇತರರಿಗಿಲ್ಲದ ಒಂದು ಗಂಟಿದೆ. ನೌಕರಿಯಲ್ಲಿರುವವರು ಸಂಜೆ ಕಚೇರಿಯ ಬಾಗಿಲು ಹಾಕಿ ಬರುತ್ತಾರೆ. ಸ್ಥಾಪಕರಿಗೆ ತಾನು ಬೇರೆ ಕಂಪನಿ ಬೇರೆ ಎಂದು ಅನ್ನಿಸುವುದೇ ಇಲ್ಲ. ಗಿರಾಕಿ ಬೈದರೆ ತನ್ನನ್ನೇ ಬೈದಂತೆ. ಕಂಪನಿ ಸೋತರೆ ತಾನು ಸೋತಂತೆ ಮಾತ್ರವಲ್ಲ, ತಾನೇ ಇಲ್ಲವಾದಂತೆ. ಇದರಿಂದ ಹಣದ ನಿರ್ಧಾರಗಳೂ ಕೆಡುತ್ತವೆ.

ಬ್ಯಾರಿ ಸ್ಟಾ ಎಂಬ ಅಮೆರಿಕದ ಸಂಶೋಧಕ 1976ರಲ್ಲಿ ವಿದ್ಯಾರ್ಥಿಗಳ ಕೈಗೆ ಒಂದು ಕಾಲ್ಪನಿಕ ಕಂಪನಿಯ ಹಣ ಕೊಟ್ಟರು. ಕೆಲವರು ಎರಡು ವಿಭಾಗಗಳಲ್ಲಿ ಒಂದನ್ನು ತಾವೇ ಆರಿಸಿ ಹಣ ಹಾಕಿದರು. ಇನ್ನು ಕೆಲವರಿಗೆ ಹಿಂದಿನ ಅಧಿಕಾರಿ ಆರಿಸಿಟ್ಟಿದ್ದ ವಿಭಾಗ ಸಿಕ್ಕಿತು. ಆಮೇಲೆ ಆ ವಿಭಾಗ ನಷ್ಟದಲ್ಲಿದೆ ಎಂಬ ವರದಿ ತೋರಿಸಿ ಎರಡನೆಯ ಸಲ ಹಣ ಹಂಚಲು ಹೇಳಿದರು. ನಷ್ಟದ ವಿಭಾಗಕ್ಕೆ ಅತಿ ಹೆಚ್ಚು ಹಣ ಸುರಿದವರು ಯಾರು? ಮೊದಲ ಸಲ ತಾವೇ ಅದನ್ನು ಆರಿಸಿದ್ದವರು! ತಮ್ಮ ನಿರ್ಧಾರ ಸರಿಯೆಂದು ತಮಗೇ ತೋರಿಸಿಕೊಳ್ಳುವ ಹಟ. ಬತ್ತಿದ ಕೊಳವೆ ಬಾವಿಯ ಪಕ್ಕದಲ್ಲೇ ಸಾಲ ಮಾಡಿ ಮತ್ತೊಂದು ಕೊರೆಸುವ ರೈತರನ್ನು ಕಂಡಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಥೆರಪಿಯ ಕೆಲಸ 'ನಾನು' ಮತ್ತು 'ಕಂಪನಿ' ನಡುವೆ ಒಂದು ಬೆರಳಷ್ಟು ಅಂತರ ಮಾಡಿಕೊಡುವುದು. ಆ ಅಂತರವಿದ್ದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳಲು ಸಾಧ್ಯ: ಇಂದು ಹೊಸದಾಗಿ ಬಂದವರೊಬ್ಬರು ಈ ಲೆಕ್ಕಪುಸ್ತಕ ನೋಡಿದರೆ ಏನು ಮಾಡುತ್ತಿದ್ದರು? ಉತ್ತರ ಕೆಲವೊಮ್ಮೆ 'ಮುಂದುವರಿಸು' ಎಂದಿರುತ್ತದೆ. ಕೆಲವೊಮ್ಮೆ 'ಹಣ ಪೂರ್ತಿ ಮುಗಿಯುವ ಮುಂಚೆ, ಎಲ್ಲರ ಬಾಕಿ ತೀರಿಸಿ, ಮರ್ಯಾದೆಯಿಂದ ಮುಚ್ಚು' ಎಂದಿರುತ್ತದೆ. ಥೆರಪಿಗೆ ಹೋದರೆ ಕಂಪನಿ ಗೆಲ್ಲುತ್ತದೆ ಎಂದು ಮಾರುವವರನ್ನು ನಾನು ನಂಬುವುದಿಲ್ಲ. ಅದು ಕೆಲಸದ ವೇಗ ಹೆಚ್ಚಿಸುವ ಟಾನಿಕ್ ಅಲ್ಲ. ಚಿಕಿತ್ಸೆಯ ಫಲವಾಗಿ ಒಬ್ಬರು ಕಂಪನಿ ಮುಚ್ಚಿ ರಾತ್ರಿ ನಿದ್ರೆ ಮಾಡುವಂತಾದರೆ ಚಿಕಿತ್ಸೆ ಸೋತಿತು ಎನ್ನುವಿರಾ?

ಇದರ ಇನ್ನೊಂದು ಮುಖವೂ ಉಂಟು. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ ಸಾಧಕ ಮಹಿಳೆಯರ ಬಗ್ಗೆ ಬರೆಯುತ್ತಾ ಒಂದು ಭಾವವನ್ನು ಗುರುತಿಸಿದರು. ಎಷ್ಟು ಗೆದ್ದರೂ 'ನಾನು ನಿಜಕ್ಕೂ ಯೋಗ್ಯಳಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ' ಎಂಬ ಅಳುಕು. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ದೊಡ್ಡ ಹೂಡಿಕೆದಾರರ ಎದುರು ಇಂಗ್ಲಿಷಿನಲ್ಲಿ ಮಾತಾಡಬೇಕಾದವರಿಗೆ ಈ ಅಳುಕು ಇನ್ನೂ ಹೆಚ್ಚು ಎಂದು ನನಗನ್ನಿಸುತ್ತದೆ. ಸೋತವರಿಗಷ್ಟೇ ಸಹಾಯ ಬೇಕು ಎಂದು ತಿಳಿಯಬೇಡಿ.

ಜೊತೆಗಾರರ ಜಗಳದ ವಿಷಯ ಬಂದಾಗ, ಸ್ಯಾನ್‌ಫ್ರಾನ್ಸಿಸ್ಕೊ ಕಡೆ ಗಂಡ ಹೆಂಡತಿಗೆ ಕೊಡುವ ಸಲಹೆಯ ಮಾದರಿಯಲ್ಲಿಯೇ ಸಹಸ್ಥಾಪಕರಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಚಿಕಿತ್ಸಕರಿದ್ದಾರೆ. ನಗು ಬರಬಹುದು. ಆದರೆ ಇಬ್ಬರು ದಿನಕ್ಕೆ ಹದಿನಾಲ್ಕು ಗಂಟೆ ಒಂದೇ ಕೋಣೆಯಲ್ಲಿದ್ದು, ಒಂದೇ ಖಾತೆಯ ಹಣ ಖರ್ಚು ಮಾಡುತ್ತಾ, ಮನಸ್ಸಿನಲ್ಲಿದ್ದುದನ್ನು ಹೇಳದೆ ಇರುವುದಕ್ಕೆ ಸಂಸಾರವೆನ್ನದೆ ಇನ್ನೇನೆನ್ನಬೇಕು?

ಗುಟ್ಟು, ಗುರುತು, ವಿಳಾಸ

ಅಮೆರಿಕದ ಬ್ರ್ಯಾಡ್ ಫೆಲ್ಡ್ ಎಂಬವರು ಹೊಸ ಕಂಪನಿಗಳಿಗೆ ಹಣ ಹೂಡುವವರು, ಟೆಕ್‌ಸ್ಟಾರ್ಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರು. ತಾವು ಹಲವು ಸಲ ಖಿನ್ನತೆಗೆ ಒಳಗಾದದ್ದನ್ನೂ ಚಿಕಿತ್ಸೆ ಪಡೆದದ್ದನ್ನೂ ಅವರು ಬಹಿರಂಗವಾಗಿ ಬರೆದಿದ್ದಾರೆ. ಹಣ ಕೇಳುವವರಲ್ಲ, ಹಣ ಕೊಡುವವರೊಬ್ಬರು ಹೀಗೆ ಹೇಳಿದ್ದರಿಂದ ಅನೇಕರ ಬಾಯಿ ಸಡಿಲವಾಯಿತು. ನಮ್ಮಲ್ಲಿ ಇನ್ನೂ ಹೆಚ್ಚಿನವರಿಗೆ 'ಯಾರಿಗಾದರೂ ಗೊತ್ತಾದರೆ?' ಎಂಬ ಅಂಜಿಕೆ ಇದೆ. ಇದಕ್ಕೆ ಕಾನೂನಿನ ಉತ್ತರವಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ರೋಗಿಯ ಹಕ್ಕು, ಚಿಕಿತ್ಸೆ ಕೊಡುವವರ ಹೊಣೆ. ಯಾರಿಗಾದರೂ ಅಪಾಯವಾಗುವುದನ್ನು ತಪ್ಪಿಸಬೇಕಾದಾಗಿನಂಥ ಕೆಲವೇ ಸಂದರ್ಭಗಳಲ್ಲಿ ಇದಕ್ಕೆ ವಿನಾಯಿತಿ ಉಂಟು. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದೂ ಇದೇ ಕಾಯಿದೆ ಹೇಳುತ್ತದೆ.

ಯಾರ ಬಳಿ ಹೋಗಬೇಕು? ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆದುಕೊಡಬಲ್ಲರು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ಎರಡು ವಾರದ ಶಿಬಿರ ಮುಗಿಸಿ 'ಲೈಫ್ ಕೋಚ್' ಎಂದು ಬೋರ್ಡು ಹಾಕಿಕೊಂಡವರೂ ಇದ್ದಾರೆ; ಮಾರಾಟದ ಗುಟ್ಟು ಹೇಳಿಕೊಡಲು ಅವರು ಸಾಕಾಗಬಹುದು, ಖಿನ್ನತೆಗೆ ಸಾಲದು. ಬೈಪೋಲಾರ್‌ನಂಥ ಕಾಯಿಲೆಗೆ ಮಾತೊಂದೇ ಸಾಲದು, ಔಷಧಿ ಬೇಕು. ದಿನಕ್ಕೆ ಮೂರೇ ಗಂಟೆ ಮಲಗಿದರೂ ದಣಿವಿಲ್ಲ, ತಲೆಯಲ್ಲಿ ನೂರು ಯೋಜನೆ, ಕೈಯಲ್ಲಿ ನೀರಿನಂತೆ ಹಣ ಖರ್ಚು: ಇಂಥ ಸ್ಥಿತಿಯನ್ನು ಉದ್ಯಮಿಯ ಹುಮ್ಮಸ್ಸೆಂದು ಸುತ್ತಲಿನವರು ಮೆಚ್ಚಿಕೊಂಡು ಕೂತರೆ ಅಪಾಯ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆಯಲ್ಲದೆ, ಬಿ.ಟಿ.ಎಂ. ಬಡಾವಣೆಯಲ್ಲಿ ಅದರದೇ ಕ್ಷೇಮ ಕೇಂದ್ರವೂ ಇದೆ. ಕಾಯಿಲೆಯಲ್ಲ, ಒತ್ತಡವಷ್ಟೆ ಎನ್ನುವವರೂ ಅಲ್ಲಿಗೆ ಹೋಗಬಹುದು. ಬೆಂಗಳೂರಿನಿಂದ ದೂರವಿರುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಇದೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಫೋನ್ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ನಿಮಗಾಗಲಿ ನಿಮ್ಮ ಗೆಳೆಯರಿಗಾಗಲಿ ಬಂದಿದ್ದರೆ ಮೊದಲ ಭೇಟಿಯ ದಿನಕ್ಕಾಗಿ ಕಾಯಬೇಡಿ, ಆ ಕ್ಷಣವೇ ಈ ಸಂಖ್ಯೆಗೆ ಫೋನ್ ಮಾಡಿ, ಒಬ್ಬರನ್ನು ಜೊತೆಯಲ್ಲಿರಿಸಿಕೊಳ್ಳಿ.

ಸಾಮಾನ್ಯವಾಗಿ ಒಂದು ಭೇಟಿ 45ರಿಂದ 50 ನಿಮಿಷ, ವಾರಕ್ಕೊಮ್ಮೆ. ಬೆಕ್ ಮಾದರಿಯ ಚಿಕಿತ್ಸೆಯಾದರೆ ಹತ್ತು ಹದಿನೈದು ಭೇಟಿಗಳಲ್ಲಿ ಒಂದು ಹಂತ ಮುಗಿಯುವುದುಂಟು. ಮೊದಲ ದಿನ ಹೆಚ್ಚಾಗಿ ಅವರು ಕೇಳುತ್ತಾರೆ, ನೀವು ಹೇಳುತ್ತೀರಿ. ಹೊರಗೆ ಬರುವಾಗ ಏನೂ ಆಗಲಿಲ್ಲ ಅನ್ನಿಸುವುದು ಸಹಜ. ಚಿಕಿತ್ಸೆ ಯಾವ ಪಂಥದ್ದು ಎಂಬುದರಷ್ಟೇ ಚಿಕಿತ್ಸಕರೊಡನೆ ನಿಮ್ಮ ಹೊಂದಾಣಿಕೆ ಹೇಗಿದೆ ಎಂಬುದೂ ಫಲಿತಾಂಶಕ್ಕೆ ಮುಖ್ಯವೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಆದ್ದರಿಂದ ಮೂರು ನಾಲ್ಕು ಭೇಟಿಗಳ ನಂತರವೂ ಮಾತು ಕೂಡಿಬರದಿದ್ದರೆ ಅದನ್ನು ಅವರಿಗೇ ಹೇಳಿ. ಒಳ್ಳೆಯ ಚಿಕಿತ್ಸಕರು ಬೇಸರಪಡುವುದಿಲ್ಲ. ಬೇರೊಬ್ಬರ ಹೆಸರನ್ನು ಅವರೇ ಬರೆದುಕೊಡುತ್ತಾರೆ.